ಮಂಚದ ಕೆಳಗಿನ ಚಪ್ಪಲಿ

(ಮಧುಮೇಹ ದಿನದಂದು ತಾಲ್ಲೂಕು ಕೇಂದ್ರವೊಂದರಲ್ಲಿ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ಮತ್ತು ರೋಗಿಗಳ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಹಿಂದಿನಿಂದ ಊಟದ ವಾಸನೆ ಆಗಲೇ ಬರುತ್ತಿದೆ. ಹಾಗಾಗಿ ಪೀಠಿಕೆ ಬಿಟ್ಟುಬಿಡುತ್ತೇನೆ.

ನಾನು ಡ್ರೆಸ್ಸಿಂಗ್ ರೂಮಿನವಳು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ತೊಳೆದು ಪಟ್ಟಿ ಕಟ್ಟುವುದು ನನ್ನ ಕೆಲಸ. ಇಪ್ಪತ್ತು ವರ್ಷದ ಮೇಲಾಯಿತು. ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು, ಬೇರೆಯವರ ಬಾಯಲ್ಲಿ ಕೇಳಿದ ಮಾತು ಒಂದೇ: 'ಇವರು ಹೇಳಿದ್ದು ಕೇಳಲ್ಲ.' ಡಾಕ್ಟರು ನನ್ನ ಹತ್ತಿರ ಹೇಳುತ್ತಾರೆ, ನಾನು ಅಟೆಂಡರ್ ಹತ್ತಿರ ಹೇಳುತ್ತೇನೆ, ರೋಗಿಯ ಹೆಂಡತಿ ನಮ್ಮಿಬ್ಬರ ಹತ್ತಿರವೂ ಹೇಳುತ್ತಾರೆ. ರೋಗಿ ಮಾತ್ರ ಗೋಡೆ ನೋಡುತ್ತಾ ಕೂತಿರುತ್ತಾನೆ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ವಯಸ್ಸು ಅರವತ್ತರ ಹತ್ತಿರ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಐದು ರೂಪಾಯಿ ನಾಣ್ಯದಷ್ಟು ಗಾಯ. ಸುತ್ತ ಆಣಿಯ ಹಾಗೆ ದಪ್ಪಗಟ್ಟಿದ ಚರ್ಮ. ಕಾಲಿಗೆ ರಕ್ತ ಚೆನ್ನಾಗಿ ಹರಿಯುತ್ತಿತ್ತು. ಕೀವು ಇರಲಿಲ್ಲ. ಭಾರ ಬೀಳದಂತೆ ನೋಡಿಕೊಂಡರೆ ಮಾಯಬೇಕಾದ ಗಾಯ ಅದು. ಮೊಣಕಾಲವರೆಗೆ ಪ್ಲಾಸ್ಟರ್ ಹಾಕೋಣ ಅಂದರೆ ಒಪ್ಪಲಿಲ್ಲ. ಸರಿ, ಗಾಯದ ಜಾಗ ಬಿಟ್ಟು ಸುತ್ತಲೂ ಫೆಲ್ಟ್ ಪ್ಯಾಡ್ ಅಂಟಿಸಿ, ಎಂಸಿಆರ್ ಅನ್ನುವ ಮೆತ್ತನೆಯ ರಬ್ಬರಿನ ಚಪ್ಪಲಿ ಕೊಡಿಸಿದೆವು. 'ರೆಸ್ಟ್ ತಗೊಳ್ಳಿ, ಬರಿಗಾಲಲ್ಲಿ ಓಡಾಡಬೇಡಿ' ಅಂದೆವು. 'ಹೂಂ' ಅಂದರು.

ಎರಡು ತಿಂಗಳಾದರೂ ಗಾಯ ಇದ್ದ ಹಾಗೇ ಇತ್ತು. ಪ್ರತಿ ಸಲವೂ ಚಪ್ಪಲಿ ಹಾಕಿಕೊಂಡೇ ಬರುತ್ತಿದ್ದರು. ಅದು ಅಂಗಡಿಯಿಂದ ಆಗ ತಾನೇ ತಂದ ಹಾಗೆ ಹೊಳೆಯುತ್ತಿತ್ತು. ನನಗೆ ಮಾತ್ರ ಏನೂ ಹೊಳೆಯಲಿಲ್ಲ.

ಒಂದು ದಿನ ಬೈಯುವುದಕ್ಕೂ ನನಗೆ ಶಕ್ತಿ ಇರಲಿಲ್ಲ. ಪಟ್ಟಿ ಬಿಚ್ಚುತ್ತಾ ಸುಮ್ನೆ ಕೇಳಿದೆ. 'ಅಕ್ಕಾ, ಬೆಳಿಗ್ಗೆ ಎದ್ದಾಗಿಂದ ಹೇಳಿ, ಕಾಲು ಎಲ್ಲೆಲ್ಲಿ ಊರ್ತೀರ?'

ಅವರು ಹೇಳುತ್ತಾ ಹೋದರು. ನಾಲ್ಕೂವರೆಗೆ ಎದ್ದು ಹಿತ್ತಿಲಿನ ಬಚ್ಚಲಿಗೆ. ಅಲ್ಲಿಂದ ಕೊಟ್ಟಿಗೆಗೆ. ಸಗಣಿ ಬಾಚಿ, ಗಂಜಲ ತೊಳೆದು, ಎರಡು ಹಸುವಿನ ಹಾಲು ಕರೆದು, ಆರು ಗಂಟೆಯೊಳಗೆ ಕ್ಯಾನ್ ಹಿಡಿದುಕೊಂಡು ಡೈರಿಗೆ. ವಾಪಸ್ ಬಂದು ಬಾಗಿಲಿಗೆ ನೀರು ಹಾಕಿ ರಂಗೋಲಿ. ದೇವರ ಮನೆ. ಒಲೆ ಮುಂದೆ ನಿಂತು ಅಡುಗೆ. ಸಂಜೆ ಮತ್ತೆ ಡೈರಿ.

'ಮತ್ತೆ ರೆಸ್ಟು?'

'ತಗೊತಿದೀನಲ್ಲ ಸಿಸ್ಟರ್. ಎರಡು ತಿಂಗಳಾಯ್ತು, ಹೊಲದ ಕಡೆ ತಲೆ ಹಾಕಿಲ್ಲ.'

'ಚಪ್ಪಲಿ?'

'ಮಂಚದ ಕೆಳಗೆ ಕವರ್‌ನಲ್ಲಿ ಸುತ್ತಿಟ್ಟಿದೀನಿ. ಇಲ್ಲಿಗೆ ಬರುವಾಗ ಹಾಕ್ಕೋತೀನಿ. ಅಷ್ಟು ಚೆನ್ನಾಗಿರೋದನ್ನ ಗಂಜಲದಲ್ಲಿ ತುಳಿದ್ರೆ ಹಾಳಾಗಲ್ವಾ?'

ನೋಡಿ, ಇದರಲ್ಲಿ ಹೇಳಿದ್ದು ಕೇಳದೆ ಇರುವುದು ಎಲ್ಲಿದೆ? ಅವರ ಲೆಕ್ಕದಲ್ಲಿ ಹೊಲಕ್ಕೆ ಹೋಗದಿದ್ದರೆ ರೆಸ್ಟು. ಒಳ್ಳೆಯ ವಸ್ತುವನ್ನು ಜೋಪಾನ ಮಾಡುವುದು ಮರ್ಯಾದೆ. ನಾವು ಹೇಳಿದ ಎರಡೂ ಮಾತನ್ನು ಅವರು ಪಾಲಿಸಿದ್ದರು. ನಾವು ಹೇಳಿದ್ದೇನು, ಅವರಿಗೆ ಕೇಳಿಸಿದ್ದೇನು ಅಂತ ಎರಡು ತಿಂಗಳು ನಾನೇ ವಿಚಾರಿಸಿರಲಿಲ್ಲ.

ಹಳ್ಳಿಯವರು, ಓದಿಲ್ಲದವರು, ಅದಕ್ಕೇ ಹೀಗೆ ಅಂತ ಯಾರಾದರೂ ಅಂದುಕೊಂಡಿದ್ದರೆ ಒಂದು ಸಂಗತಿ ಕೇಳಿ. 2003ರಲ್ಲಿ ಅಮೆರಿಕದಲ್ಲಿ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಕಾಲಿನ ಗಾಯ ಇದ್ದ 20 ಜನರಿಗೆ ಭಾರ ತಪ್ಪಿಸುವ ದೊಡ್ಡ ಬೂಟು ಕೊಟ್ಟಿದ್ದರು. ಬೇಕಾದಾಗ ಬಿಚ್ಚಬಹುದಾದದ್ದು. ಹೆಜ್ಜೆ ಎಣಿಸುವ ಯಂತ್ರ ಒಂದನ್ನು ಸೊಂಟಕ್ಕೆ ಕಟ್ಟಿದರು, ಇನ್ನೊಂದನ್ನು ರೋಗಿಯ ಕೈಗೆ ಸಿಗದ ಹಾಗೆ ಬೂಟಿನೊಳಗೇ ಇಟ್ಟರು. ಎರಡನ್ನೂ ತಾಳೆ ನೋಡಿದರೆ, ಇಡೀ ದಿನದ ಓಡಾಟದಲ್ಲಿ ಬೂಟು ಕಾಲಲ್ಲಿದ್ದದ್ದು 28 ಶೇಕಡಾ ಮಾತ್ರ. ಅವರ ಬೂಟೂ ಒಂದು ಥರ ಮಂಚದ ಕೆಳಗೇ ಇತ್ತು ಅನ್ನಿ.

ಅದೇ ತಂಡ ಎರಡು ವರ್ಷ ಬಿಟ್ಟು ಇನ್ನೊಂದು ಕೆಲಸ ಮಾಡಿತು. ಅಂಥದೇ ಬೂಟನ್ನು ಕೆಲವರಿಗೆ ಬಿಚ್ಚಲು ಬರದ ಹಾಗೆ ಸುತ್ತಿ ಕಟ್ಟಿತು, ಉಳಿದವರಿಗೆ ಹಾಗೇ ಬಿಟ್ಟಿತು. 12 ವಾರದಲ್ಲಿ ಕಟ್ಟಿದವರಲ್ಲಿ ಸುಮಾರು 83 ಶೇಕಡಾ ಜನರ ಗಾಯ ಮಾಯಿತು. ಬಿಚ್ಚಬಹುದಾಗಿದ್ದವರಲ್ಲಿ ಸುಮಾರು 52. ಬೂಟು ಒಂದೇ. ವ್ಯತ್ಯಾಸ ಇದ್ದದ್ದು ಬಿಚ್ಚುವುದರಲ್ಲಿ. ಹಾಗಾದರೆ ಎಲ್ಲರಿಗೂ ಕಟ್ಟಿಬಿಡೋಣ ಅಂತೀರಾ? ಆಗುವವರಿಗೆ ಕಟ್ಟಲೇಬೇಕು, ಅದೇ ಮೊದಲ ಚಿಕಿತ್ಸೆ. ಆದರೆ ಸೋಂಕು ಜೋರಾಗಿದ್ದರೆ, ರಕ್ತ ಓಡಾಟ ಕಡಿಮೆ ಇದ್ದರೆ ಹಾಗೆ ಕಟ್ಟಿ ಮುಚ್ಚಲು ಬರುವುದಿಲ್ಲ. ಕಟ್ಟಿಸಿಕೊಳ್ಳಲು ಒಪ್ಪಬೇಕಲ್ಲ, ಅದೂ ಮಾತಿನಿಂದಲೇ ಆಗಬೇಕು.

ಇಷ್ಟಕ್ಕೂ ಅವರು ಬಿಚ್ಚುವುದು ಯಾಕೆ? ನೋವಿಲ್ಲ, ಅದಕ್ಕೆ. ನಮ್ಮ ಕಾಲಿಗೆ ಒಂದು ಮುಳ್ಳು ಚುಚ್ಚಿದರೆ ನಾವು ಕುಂಟುತ್ತೇವೆ. ಕುಂಟು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದು ನರ ಸತ್ತವರಿಗೆ ಆ ಹೇಳಿಕೊಡುವವನೇ ಇಲ್ಲ. ಒಬ್ಬ ಯಜಮಾನರು ಬಸ್ಸಿಳಿದು ನಮ್ಮ ರೂಮಿಗೆ ಬಂದರು. ಒಂದೇ ಕಾಲಲ್ಲಿ ಚಪ್ಪಲಿ. 'ಇನ್ನೊಂದೆಲ್ಲಿ ಯಜಮಾನ್ರೇ?' ಅಂದರೆ ಬಗ್ಗಿ ನೋಡಿಕೊಂಡು ಅವರಿಗೇ ಆಶ್ಚರ್ಯ. ಎಲ್ಲಿ ಕಳಚಿತೋ ಗೊತ್ತೇ ಇಲ್ಲ. ಅಂಥವರಿಗೆ 'ಕಾಲು ಊರಬೇಡಿ' ಅಂದರೆ ಅವರ ಮೈ ಒಂದು ಹೇಳುತ್ತದೆ, ನಾವು ಇನ್ನೊಂದು ಹೇಳುತ್ತೇವೆ. ಅವರು ಯಾರ ಮಾತು ನಂಬಬೇಕು?

ಇದನ್ನು ಜಗತ್ತಿಗೆ ಅರ್ಥ ಮಾಡಿಸಿದವರಲ್ಲಿ ಒಬ್ಬರು ನಮ್ಮ ಪಕ್ಕದ ರಾಜ್ಯದಲ್ಲೇ ಹುಟ್ಟಿದವರು. ಪಾಲ್ ಬ್ರಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಬಂದ ಸರ್ಜನ್. ಕುಷ್ಠ ರೋಗಿಗಳ ಬೆರಳು ಕಾಯಿಲೆಯಿಂದಲೇ ಕೊಳೆತು ಉದುರುತ್ತದೆ ಅಂತ ಆಗ ಎಲ್ಲರೂ ನಂಬಿದ್ದರು. ಅಲ್ಲ, ನೋವು ಗೊತ್ತಾಗದೆ ಅವರು ದಿನವೂ ಗಾಯ ಮಾಡಿಕೊಳ್ಳುತ್ತಿದ್ದಾರೆ, ಅದರಿಂದ ಬೆರಳು ಹೋಗುತ್ತಿದೆ ಅಂತ ಅವರು ತೋರಿಸಿದರು. ಕೆಲವರ ಬೆರಳಿಗೆ ರಾತ್ರೋರಾತ್ರಿ ಹೊಸ ಗಾಯ ಬರುತ್ತಿತ್ತು. ಹುಡುಕಿದರೆ, ಮಲಗಿದಾಗ ಇಲಿ ಕಡಿಯುತ್ತಿತ್ತು! ಅವರಿಗೆ ಎಚ್ಚರವೇ ಆಗುತ್ತಿರಲಿಲ್ಲ. ಆಗ ಏನು ಮಾಡಿದರು ಗೊತ್ತಾ? 'ಹುಷಾರಾಗಿ ಮಲಗಿ' ಅಂತ ಬೈಯಲಿಲ್ಲ. ಮನೆಗೆ ಹೋಗುವವರ ಕೈಗೆ ಒಂದೊಂದು ಬೆಕ್ಕು ಕೊಟ್ಟು ಕಳಿಸಿದರು. ಬ್ರಾಂಡ್ ಆಮೇಲೆ ಅಮೆರಿಕಕ್ಕೆ ಹೋಗಿ ಇದೇ ಪಾಠವನ್ನು ಸಕ್ಕರೆ ಕಾಯಿಲೆಯವರ ಕಾಲಿಗೂ ಹೊಂದಿಸಿದರು. ಮೊಣಕಾಲುದ್ದದ ಪ್ಲಾಸ್ಟರ್ ವಿಧಾನ ಅಲ್ಲಿಗೆ ಹೋದದ್ದು ಅವರ ಜೊತೆಗೇ. ನನಗೆ ಮಾತ್ರ ಅವರ ಬೆಕ್ಕೇ ಜಾಸ್ತಿ ನೆನಪಿನಲ್ಲಿ ಉಳಿದಿದೆ. ಯಾವುದೇ ರೋಗಿ ಬಂದರೂ ಮನಸ್ಸಿನಲ್ಲಿ ಕೇಳಿಕೊಳ್ಳುತ್ತೇನೆ: ಇವರಿಗೆ ಬೇಕಾದ ಬೆಕ್ಕು ಯಾವುದು?

ಮರಗಟ್ಟಿದ ಕಾಲನ್ನು ತೋರಿಸಿಕೊಡಲು ನಮ್ಮ ಹತ್ತಿರ ಒಂದು ನೈಲಾನ್ ಎಳೆ ಇದೆ. 10 ಗ್ರಾಂ ಒತ್ತಿದರೆ ಬಾಗುತ್ತದೆ. ಅದನ್ನು ಬರೀ ಪರೀಕ್ಷೆ ಅಂತ ಮಾಡಿ ಕಾಗದದ ಮೇಲೆ ಗೀಚಿ ಕಳಿಸಬೇಡಿ. ಮೊದಲು ರೋಗಿಯ ಮೊಣಕೈ ಹತ್ತಿರ ಮುಟ್ಟಿಸಿ. 'ಹೂಂ, ಚುಚ್ಚಿದಂಗಾಯ್ತು' ಅನ್ನುತ್ತಾರೆ. ಆಮೇಲೆ ಹೆಂಡತಿಯನ್ನೋ ಮಗನನ್ನೋ ಪಕ್ಕಕ್ಕೆ ಕರೆದು, ರೋಗಿಗೆ ಕಣ್ಣು ಮುಚ್ಚಲು ಹೇಳಿ ಅಂಗಾಲಿಗೆ ಒತ್ತಿ. ಒಂದು ಸಲ, ಎರಡು ಸಲ, ಮೂರು ಸಲ. ರೂಮೆಲ್ಲ ನಿಶ್ಶಬ್ದ. ಸ್ವಲ್ಪ ಹೊತ್ತಿಗೆ ಅವರೇ ಕೇಳುತ್ತಾರೆ, 'ಶುರು ಮಾಡಿ ಸಿಸ್ಟರ್, ಯಾವಾಗ ಮುಟ್ತೀರಿ?' ಆಗ ಪಕ್ಕದಲ್ಲಿ ನಿಂತ ಹೆಂಡತಿಯ ಮುಖ ನೋಡಬೇಕು ನೀವು. ನಾನು ಹತ್ತು ಭಾಷಣ ಮಾಡಿದರೂ ಆಗದ್ದು ಆ ಎಳೆಯಿಂದ ಆಗುತ್ತದೆ.

ಈಗ ನಮ್ಮ ಬಾಯಿಯ ವಿಷಯಕ್ಕೆ ಬರೋಣ. ನಾವು ಆಡುವ ಮಾತಿನಲ್ಲಿ ಮೊದಲು ಬಿಡಬೇಕಾದದ್ದು 'ಅರ್ಥ ಆಯ್ತಾ?' ಅನ್ನುವುದು. ಅದಕ್ಕೆ ಉತ್ತರ ಒಂದೇ, 'ಹೂಂ'. ನಮ್ಮ ಕಡೆ ಹೂಂ ಅಂದರೆ ಅರ್ಥವಾಯಿತು ಅಂತಲೇ ಅಲ್ಲ. ನೀವು ದೊಡ್ಡವರು, ಎದುರು ಮಾತಾಡಲ್ಲ ಅಂತ ಒಂದು ಹೂಂ. ಬಸ್ಸು ಹೊರಡುತ್ತೆ, ಬಿಡಿ ಅಂತ ಒಂದು ಹೂಂ. ಅದರ ಬದಲು ನಾನು ಹೀಗೆ ಕೇಳುತ್ತೇನೆ: 'ನಾನು ಗಡಿಬಿಡೀಲಿ ಹೇಳಿದೆ, ಸರಿಯಾಗಿ ಹೇಳಿದ್ನೋ ಇಲ್ವೋ. ಮನೆಗೆ ಹೋದ ಮೇಲೆ ಸೊಸೆ ಕೇಳಿದ್ರೆ ಏನಂತ ಹೇಳ್ತೀರ?' ಪರೀಕ್ಷೆ ಅವರದಲ್ಲ, ನನ್ನದು. ಒಬ್ಬರು ಹೇಳಿದರು, 'ಬೆಳಿಗ್ಗೆ ಬೆಳಿಗ್ಗೆ ಪಟ್ಟಿ ಬಿಚ್ಚಿ ಬಿಸಿಲಿಗೆ ಒಣಗಿಸ್ಬೇಕು ಅಂದ್ರು ಅಂತೀನಿ.' ನಾನು ಬಿಸಿಲು ಅನ್ನುವ ಪದವನ್ನೇ ಆಡಿರಲಿಲ್ಲ!

ಆ ಬಿಸಿಲಿನ ನಂಬಿಕೆಯನ್ನು ಬಿಡಿಸಿದ್ದು ನಾನಲ್ಲ, ಇನ್ನೊಬ್ಬ ರೋಗಿ. ಭತ್ತ ಬೆಳೆಯುವವರು. ಗಾಯ ತೀರಾ ಒಣಗಬಾರದು, ತೀರಾ ನೆನೆಯಲೂಬಾರದು, ಹೊಸ ಚರ್ಮ ಅಂಚಿನಿಂದ ಬರಬೇಕು ಅಂತ ನಾನು ಒದ್ದಾಡುತ್ತಾ ವಿವರಿಸುತ್ತಿದ್ದೆ. ಪಕ್ಕದ ಬೆಂಚಿನಿಂದ ಅವರು ಅಂದರು, 'ಒಟ್ಲು ಥರ ಅನ್ನವ್ವ.' ಒಟ್ಲು ಅಂದರೆ ಸಸಿಮಡಿ. ನೀರು ನಿಂತರೆ ಕೊಳೆಯುತ್ತೆ, ಒಣಗಿದರೆ ಸಾಯುತ್ತೆ. 'ಒಟ್ಲು ಮೇಲೆ ದಿನಾ ಎತ್ತು ಓಡಾಡಿದ್ರೆ ಪೈರು ಬತ್ತದಾ?' ಅಂತ ಅವರೇ ಸೇರಿಸಿದರು. ನಾನು ಅವತ್ತಿನಿಂದ ಆ ಮಾತನ್ನು ಕದ್ದು ಬಳಸುತ್ತಿದ್ದೇನೆ. ಭತ್ತ ಬೆಳೆಯದ ಊರಿನವರು ನಿಮ್ಮ ಊರಿನದ್ದು ಹುಡುಕಿಕೊಳ್ಳಿ.

ಎರಡನೆಯದು, ನಾವೇ ಒಬ್ಬರಿಗೊಬ್ಬರು ಎದುರು ಮಾತಾಡುವುದು. ಶುಗರ್ ಡಾಕ್ಟರು ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ ಅಂತಾರೆ. ಮುಂದಿನ ರೂಮಿನಲ್ಲಿ ನಾನು ನಡೀಲೇಬೇಡಿ ಅಂತೀನಿ. ನಿವೃತ್ತ ಮೇಷ್ಟ್ರೊಬ್ಬರು ಪಟ್ಟಿ ಕಟ್ಟಿದ ಕಾಲಿನಲ್ಲೇ ದಿನಾ ಕೆರೆ ಏರಿ ಸುತ್ತುತ್ತಿದ್ದರು. ಕೇಳಿದರೆ, 'ಡಾಕ್ಟರು ದೊಡ್ಡವರಲ್ವಾ ಸಿಸ್ಟರ್' ಅಂದರು. ತಪ್ಪೇನಿಲ್ಲ! ಗಾಯ ಇರುವಷ್ಟು ದಿನ ಆ ವಾಕಿಂಗ್‌ಗೆ ರಜ, ಕುರ್ಚಿಯಲ್ಲಿ ಕೂತು ಕೈ ಭುಜದ ವ್ಯಾಯಾಮ ಅಂತ ಡಾಕ್ಟರ ಬಾಯಲ್ಲೇ ಹೇಳಿಸಿದೆ. ಮೇಷ್ಟ್ರು ವಾಕಿಂಗ್ ನಿಲ್ಲಿಸಿಬಿಟ್ಟರು. ಈ ಗೊಂದಲ ಎಲ್ಲ ಕಡೆ ಇದೆ. ನಿಮ್ಮ ನಿಮ್ಮ ಆಸ್ಪತ್ರೆಯಲ್ಲಿ ನಾಳೆಯೇ ವಿಚಾರಿಸಿ.

ಊಟದ ವಿಷಯದಲ್ಲಿ 'ನಂಜು' ಅನ್ನುವ ಮಾತು ಬರುತ್ತದೆ. ಮೊಟ್ಟೆ ನಂಜು, ಮೀನು ನಂಜು, ಬದನೆಕಾಯಿ ನಂಜು, ಕೆಲವು ಮನೆಗಳಲ್ಲಿ ಬೇಳೆಯೂ ನಂಜು. ಗಾಯ ಆದವರಿಗೆ ತಿಂಗಳಾನುಗಟ್ಟಲೆ ಗಂಜಿ, ತಿಳಿಸಾರು ಹಾಕುತ್ತಾರೆ. ಗಾಯ ತುಂಬಿಕೊಳ್ಳಲು ಪ್ರೋಟೀನ್ ಬೇಕು, ಇವರು ಅದನ್ನೇ ತೆಗೆದಿರುತ್ತಾರೆ. 'ನಂಜು ಗಿಂಜು ಏನಿಲ್ಲ, ಮೂಢನಂಬಿಕೆ' ಅಂದರೆ ಅವರ ಅತ್ತೆಯನ್ನೂ ಅಜ್ಜಿಯನ್ನೂ ಒಟ್ಟಿಗೆ ಬೈದ ಹಾಗಾಗುತ್ತದೆ. ನಾನು ಕೇಳುವುದು, 'ನಿಮ್ಮ ಮನೇಲಿ ಯಾವುದು ನಂಜಲ್ಲ?' ಹೆಸರುಕಾಳು ಪರವಾಗಿಲ್ಲ ಅನ್ನುತ್ತಾರೆ. ಮಜ್ಜಿಗೆ ನಡೆಯುತ್ತೆ ಅನ್ನುತ್ತಾರೆ. ಅಲ್ಲಿಂದ ಶುರು. ಮೊಟ್ಟೆಗೆ ಆಮೇಲೆ ಬರೋಣ.

ಇನ್ನು ನನ್ನ ತಪ್ಪೊಂದನ್ನು ಹೇಳಬೇಕು. ಬಹಳ ವರ್ಷದ ಹಿಂದಿನದು. ಒಬ್ಬ ಆಟೋ ಡ್ರೈವರ್, ನಲವತ್ತೈದರ ಆಸುಪಾಸು. ಪ್ರತಿ ಸಲ ಎರಡು ಮೂರು ದಿನ ತಡ ಮಾಡಿ ಬರುತ್ತಿದ್ದ. ಪಟ್ಟಿ ಗ್ರೀಸ್ ಬಣ್ಣಕ್ಕೆ ತಿರುಗಿರುತ್ತಿತ್ತು. ಒಂದು ದಿನ ತುಂಬಿದ ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದೆ: 'ಹೀಗೇ ಮಾಡ್ತಿರಿ, ಕಾಲು ಕತ್ತರಿಸಿ ಕಳಿಸ್ತಾರೆ. ಆಮೇಲೆ ನನ್ನ ಮುಂದೆ ಬಂದು ಅಳಬೇಡಿ.' ಹೆದರಿಸಿದರೆ ಬುದ್ಧಿ ಬರುತ್ತೆ ಅಂತ ನಾನು ನಂಬಿದ್ದ ಕಾಲ ಅದು. ಆತ ಒಂದು ತಿಂಗಳು ಬರಲಿಲ್ಲ. ಬಂದಾಗ ಕಿರುಬೆರಳು ಕಪ್ಪಾಗಿತ್ತು. ಪಕ್ಕದ ಬೆರಳೂ ಉಳಿಯಲಿಲ್ಲ. ಯಾಕಪ್ಪಾ ಬರಲಿಲ್ಲ ಅಂದರೆ, 'ತಡ ಆಗಿತ್ತಲ್ಲ ಸಿಸ್ಟರ್, ಬೈತೀರಿ ಅಂತ ಬರಲಿಲ್ಲ' ಅಂದ. ಹೆದರಿದ್ದು ಹೌದು. ಹೆದರಿದ್ದು ನನಗೆ, ಗಾಯಕ್ಕಲ್ಲ.

ಹಾಗಂತ ಅಪಾಯ ಮುಚ್ಚಿಡಬೇಕು ಅನ್ನುತ್ತಿಲ್ಲ. ಸುತ್ತ ಕೆಂಪಾದರೆ, ಊದಿದರೆ, ಬಿಸಿಯಾದರೆ, ವಾಸನೆ ಬಂದರೆ, ಕೀವು ಸುರಿದರೆ, ಬೆರಳು ಕಪ್ಪಾದರೆ, ಚಳಿ ಜ್ವರ ಬಂದರೆ ಅವತ್ತೇ ಬನ್ನಿ ಅಂತ ಖಡಾಖಂಡಿತ ಹೇಳುತ್ತೇನೆ. ಜೊತೆಗೆ ಇನ್ನೊಂದು ಮಾತು: 'ಎಷ್ಟೇ ತಡ ಮಾಡಿ ಬಂದ್ರೂ ಬೈಯಲ್ಲ.' ಈ ಎರಡನೆಯದನ್ನು ಉಳಿಸಿಕೊಳ್ಳುವುದು ಕಷ್ಟ. ನನಗೆ ಈಗಲೂ ನಾಲಿಗೆ ತುದಿಗೆ ಬಂದುಬಿಡುತ್ತದೆ.

ವಿಲಿಯಂ ಮಿಲ್ಲರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ. 1983ರಲ್ಲಿ ಕುಡಿತ ಬಿಡಿಸುವ ಕೆಲಸದ ಬಗ್ಗೆ ಒಂದು ಲೇಖನ ಬರೆದರು. ಬಿಡು ಬಿಡು ಅಂತ ನಾವು ಒತ್ತಿದಷ್ಟೂ ಅವನು ಯಾಕೆ ಬಿಡಬಾರದು ಅನ್ನುವುದಕ್ಕೆ ಕಾರಣ ಹುಡುಕುತ್ತಾನೆ, ಬದಲಾಗುವ ಕಾರಣ ಅವನ ಬಾಯಿಂದಲೇ ಬರಲಿ ಅನ್ನುವುದು ಅದರ ತಿರುಳು. ಈಗ ಸಕ್ಕರೆ ಕಾಯಿಲೆಯಲ್ಲೂ ಆ ದಾರಿ ಬಳಸುತ್ತಾರೆ. ಅದರಲ್ಲಿ ಒಂದು ಪ್ರಶ್ನೆ, ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ ಅಂತ. ನಮ್ಮ ಅಜ್ಜಂದಿರಿಗೆ ಹತ್ತರ ಲೆಕ್ಕ ಹತ್ತುವುದಿಲ್ಲ. ನಾನು ಆಣೆಯಲ್ಲಿ ಕೇಳುತ್ತೇನೆ.

'ಅಜ್ಜ, ಮನೆಯೊಳಗೂ ಚಪ್ಪಲಿ ಹಾಕ್ಕೊಳ್ಳೋದು ಆಗುತ್ತೆ ಅಂತ ರೂಪಾಯಿಗೆ ಎಷ್ಟಾಣೆ ನಂಬಿಕೆ?'

'ನಾಕಾಣೆ ಕಣವ್ವ.'

'ನಾಲ್ಕಾಣೇನಾದ್ರೂ ಇದೆಯಲ್ಲ. ಎರಡಾಣೆ ಯಾಕನ್ನಲಿಲ್ಲ?'

ಅಜ್ಜ ಸ್ವಲ್ಪ ಯೋಚಿಸಿ ಹೇಳಿದರು, 'ಮೊಮ್ಮಗಳ ಮದುವೆ ಅದೆ ಬೈಸಾಖಕ್ಕೆ. ಕುಂಟ್ಕಂಡು ಧಾರೆಗೆ ನಿಲ್ಲಾಕಾಗದಾ?' ಸಿಕ್ಕಿತಲ್ಲ. ಇನ್ನು ನಾನು ಗಾಯದ ಮಾತೇ ಎತ್ತುವುದಿಲ್ಲ. ಬಂದಾಗಲೆಲ್ಲ ಮದುವೆ ತಯಾರಿ ಎಲ್ಲಿಗೆ ಬಂತು ಅಂತ ಕೇಳುತ್ತೇನೆ. ಉಳಿದ ಹನ್ನೆರಡಾಣೆಗೆ ಏನು ಅಡ್ಡ ಅಂತಲೂ ಕೇಳಿದೆ. ಹೊಸ್ತಿಲೊಳಗೆ ಚಪ್ಪಲಿ ಮೆಟ್ಟಿದರೆ ಹೆಂಡತಿ ಸುಮ್ಮನಿರಲ್ಲ. ಅದು ನಿಜವಾದ ಅಡ್ಡ. ನಮ್ಮಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವುದು ರಕ್ತದಲ್ಲೇ ಇದೆ. ಮನೆಯೊಳಗೆ ಮಾತ್ರ ಮೆಟ್ಟುವ ಇನ್ನೊಂದು ಜೊತೆ, ಹಿಂದೆ ಪಟ್ಟಿ ಇರುವುದು, ಹೊರಗೆ ಒಂದು ಹೆಜ್ಜೆಯೂ ಇಡದ್ದು ಅಂತ ಮಾಡಿ, ಅಜ್ಜಿಯ ಕೈಯಲ್ಲೇ ಕೊಟ್ಟೆವು. ದೇವರ ಮನೆ ಹೊರಗೆ ಕುರ್ಚಿ. ಅಜ್ಜಿ ಆಮೇಲೆ ಕಾವಲಿಗೆ ನಿಂತರು.

ಮನೆಯವರಿಗೆ ಒಂದು ಮಾತು. ನೀವು ಪೊಲೀಸ್ ಆಗಬೇಡಿ. 'ನಿನ್ನೆ ಹಬ್ಬದಲ್ಲಿ ಎರಡು ಹೋಳಿಗೆ ತಿಂದ್ರು ಸಿಸ್ಟರ್' ಅಂತ ನನ್ನ ಮುಂದೆ ದೂರು ಕೊಟ್ಟರೆ ನಾಳೆಯಿಂದ ಅವರು ಕದ್ದು ತಿನ್ನುತ್ತಾರೆ, ಅಷ್ಟೇ. ನಿಮಗೆ ಒಂದೇ ಕೆಲಸ. ರಾತ್ರಿ ಮಲಗುವ ಮುಂಚೆ ಮೊಬೈಲ್ ಟಾರ್ಚ್ ಹಾಕಿ ಎರಡೂ ಅಂಗಾಲು, ಬೆರಳ ಸಂದಿ ನೋಡಿ. ಸಕ್ಕರೆಯಿಂದ ಕಣ್ಣು ಮಂಜಾದವರಿಗೆ, ಬಗ್ಗಲಾಗದವರಿಗೆ ತಮ್ಮ ಅಂಗಾಲು ಕಾಣುವುದೇ ಇಲ್ಲ. ಗಾಯದ ಮೇಲೆ ತೆಳು ಪಾರದರ್ಶಕ ಹಾಳೆ ಇಟ್ಟು ಪೆನ್ನಿನಲ್ಲಿ ಅಂಚು ಗೆರೆ ಹಾಕುವುದನ್ನು ನಾವು ವಾರಕ್ಕೊಮ್ಮೆ ಮಾಡುತ್ತೇವೆ. ಹಿಂದಿನ ವಾರದ್ದರ ಮೇಲೆ ಈ ವಾರದ್ದು ಇಟ್ಟು ತೋರಿಸಿದರೆ, ಒಂದು ಕಡಲೆಬೇಳೆಯಷ್ಟು ಚಿಕ್ಕದಾಗಿದ್ದರೂ ಮುಖ ಅರಳುತ್ತದೆ. ಕೆಲವರು ಆ ಹಾಳೆಗಳನ್ನು ಕೇಳಿ ಮನೆಗೆ ತೆಗೆದುಕೊಂಡು ಹೋಗುತ್ತಾರೆ.

ಮಾತು ಮುಗಿದ ಮೇಲೆ ಒಬ್ಬ ನರ್ಸ್ ಎದ್ದು ಕೇಳಿದರು: 'ಮೇಡಂ, ಇದೆಲ್ಲ ಸರಿ. ದಿನಕ್ಕೆ ಐವತ್ತು ಡ್ರೆಸ್ಸಿಂಗ್ ಇರುತ್ತೆ. ಕೂತು ಕತೆ ಕೇಳೋಕೆ ಟೈಮ್ ಎಲ್ಲಿದೆ?'

ಪ್ರಶ್ನೆ ನ್ಯಾಯವಾದದ್ದು. ನಾನು ಎರಡು ಅಂಕಿ ಹೇಳಿದೆ. 1984ರ ಅಮೆರಿಕದ ಒಂದು ಅಧ್ಯಯನದಲ್ಲಿ, ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಅಡ್ಡ ಬಾಯಿ ಹಾಕುತ್ತಿದ್ದರು. 2002ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಅಡ್ಡ ಬಾಯಿ ಹಾಕದೆ ಬಿಟ್ಟು ನೋಡಿದರು. ರೋಗಿಗಳು ತಾವಾಗಿ ಮಾತು ಮುಗಿಸಿದ್ದು ಸರಾಸರಿ 92 ಸೆಕೆಂಡಿಗೆ. ನಮ್ಮವರು ಸ್ವಲ್ಪ ಜಾಸ್ತಿ ಮಾತಾಡಬಹುದು, ಮೂರು ನಿಮಿಷ ಅನ್ನಿ. ಹಳೆಯ ಪಟ್ಟಿಯನ್ನು ಸಲೈನ್ ಹಾಕಿ ನೆನೆಸಿ ಬಿಚ್ಚಲು ಅಷ್ಟು ಹೊತ್ತು ಹೇಗೂ ಬೇಕು. ಕೈ ಅಲ್ಲಿರುತ್ತದೆ, ಕಿವಿ ಖಾಲಿ ಇರುತ್ತದೆ.

ಹಿಂದಿನ ಸಾಲಿನಿಂದ ಇನ್ನೊಬ್ಬರು, ಆಶಾ ಇರಬೇಕು, ಆ ಚಪ್ಪಲಿಯ ಅಕ್ಕ ಏನಾದರು ಅಂತ ಕೇಳಿದರು.

ಪಕ್ಕದ ಮನೆಯ ಹುಡುಗ ಬೈಕಿನಲ್ಲಿ ಡೈರಿಗೆ ಹೋಗುತ್ತಿದ್ದ, ಅವರ ಕ್ಯಾನೂ ಅದರಲ್ಲೇ ಹೋಯಿತು. ಕೊಟ್ಟಿಗೆಯನ್ನು ಸೊಸೆ ನೋಡಿಕೊಂಡಳು, ಗೊಣಗುತ್ತಲೇ. ಒಲೆ ಮುಂದೆ ಎತ್ತರದ ಸ್ಟೂಲು ಬಂತು. ಗಾಯ ಯುಗಾದಿ ಹೊತ್ತಿಗೆ ಮುಚ್ಚಿತು. ಆದರೆ ಈ ಗಾಯ ಮಾಯುವುದೇ ಕೊನೆಯಲ್ಲ. ಮಾಯಿದವರಲ್ಲಿ ಹತ್ತಕ್ಕೆ ನಾಲ್ಕು ಜನರಿಗೆ ವರ್ಷದೊಳಗೆ ಮತ್ತೆ ಬರುತ್ತದೆ. ಅವರಿಗೂ ಮತ್ತೆ ಬಂತು, ದೀಪಾವಳಿ ಕಳೆದ ಮೇಲೆ, ಎಡಗಾಲಿಗೆ.

ಆಗ ಸೋಮವಾರ ಬೆಳಿಗ್ಗೆ ನಾನು ರೂಮಿನ ಬೀಗ ತೆಗೆಯುವ ಮುಂಚೆಯೇ ಬಂದು ಬೆಂಚಿನ ಮೇಲೆ ಕೂತಿದ್ದರು. ಇನ್ನೂ ಒಡೆಯದ ಒಂದು ಸಣ್ಣ ಬೊಕ್ಕೆ. ಶನಿವಾರ ರಾತ್ರಿ ಟಾರ್ಚ್ ಹಾಕಿದಾಗ ಸೊಸೆಗೆ ಕಂಡಿದ್ದಂತೆ. ಕೈಯಲ್ಲಿ ಚಪ್ಪಲಿ ಹಿಡಿದುಕೊಂಡಿದ್ದರು. ಸವೆದು, ಸಗಣಿ ಮೆತ್ತಿ, ಬಣ್ಣವೇ ಗೊತ್ತಾಗುತ್ತಿರಲಿಲ್ಲ. ಒಳಗೆ ಬೆರಳಾಡಿಸಿ ತೋರಿಸಿದರು.

'ನೋಡಿ ಸಿಸ್ಟರ್, ಇಲ್ಲಿ ಹಳ್ಳ ಬಿದ್ದಿದೆ. ಇನ್ನೊಂದು ಜೊತೆ ಕೊಡ್ಸಿ.'